ನೀಲಿ ಚಂದ್ರನ ಮಾತು

ಚಂದ್ರ ಇವತ್ತೂ ನೀಲಿಯಾಗಿಯೇ ಮೂಡಿದ. ಈಗೀಗ ದಿನಾ ಹೀಗೇ. ಹುಬ್ಬಳ್ಳಿಯ ಬೀದಿಗಳಲ್ಲಿ ಜನ ಹಣ್ಣಿನ ಚೀಲ ಹಿಡಿದು ನೆಂಟರ ಮನೆಗೆ ಹೊರಟಿದ್ದರು. ಅಪರೂಪಕ್ಕೆ ಎನ್ನಲು ಇಂಗ್ಲಿಷಿನವರ ಹಾಗೆ ‘ಬ್ಲೂ ಮೂನ್‌ಗೊಮ್ಮೆ ಬರ್ತೀನಿ’ ಎಂದು ಜಾರಿಕೊಂಡಿದ್ದವರೆಲ್ಲ ಈಗ ಮಾತು ಉಳಿಸಿಕೊಳ್ಳಲೇಬೇಕಿತ್ತು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕನಿಗೆ ಪ್ರಮೀಳಾ ಹೇಳಿದ್ದೂ ಅದೇ ಮಾತು. ಅವಳು ಕಿಟಕಿಯ ಪರದೆ ಎಳೆದು ಕೂತಳು.

ಯಾರೋ ಬಾಗಿಲು ಬಡಿದರು. ತೆರೆದರೆ ಅಕ್ಕ, ಕೈಯಲ್ಲಿ ರೊಟ್ಟಿಯ ಗಂಟು.

“ದಿನಾ ನಿನ್ನ ಸಲುವಾಗಿ ರೊಟ್ಟಿ ತೆಗೆದಿಡ್ತಿದ್ದೆ, ತಂಗಿ. ಈ ಕಡೆ ಮೋಡ ಇರಬೇಕು, ನಿನಗ ಚಂದ್ರ ಕಂಡಿರಲಿಕ್ಕಿಲ್ಲ ಅಂತ ನಾನೇ ಬಂದೆ.”

ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ನೀಲಿ ಬೆಳದಿಂಗಳು ಹೊಸ್ತಿಲು ದಾಟಿ ಪ್ರಮೀಳಾಳ ಮುಖದ ಮೇಲೆಯೇ ಬಿದ್ದಿತ್ತು.

“ಹೌದಕ್ಕಾ, ಭಾಳ ಮೋಡ ಇತ್ತು” ಎಂದಳು ಅವಳು, ನೆಲ ನೋಡುತ್ತ.