ಗಡಿ ಮುಚ್ಚಿಸಿದ ಭಾಷಣ

ಕಾಲೇಜಿನ ಅಣಕು ವಿಶ್ವಸಂಸ್ಥೆಯಲ್ಲಿ ಅಂದು ನಿರಾಶ್ರಿತರ ಬಗ್ಗೆ ಚರ್ಚೆ. ಚನ್ನವೀರನ ಪಾಲಿಗೆ ಬಂದದ್ದು ಒಂದು ಶ್ರೀಮಂತ ದೇಶ. ಒಂದೇ ತಾಸಿನಲ್ಲಿ ಅದು ತನ್ನ ಮುತ್ತಜ್ಜನ ಆಸ್ತಿಯೇನೋ ಎಂಬಷ್ಟು ಅಭಿಮಾನ ಅವನಿಗೆ ಬಂದುಬಿಟ್ಟಿತು. ಮೈಮೇಲಿದ್ದ ಕೋಟು ಮಾತ್ರ ಗೆಳೆಯ ಮುದುಕಪ್ಪನದು.

ಆ ಮುದುಕಪ್ಪ ಎದುರಿಗೆ ಬಡ ದೇಶವೊಂದರ ಪ್ರತಿನಿಧಿಯಾಗಿ ಕುಳಿತಿದ್ದ. ‘ಅವ್ರು ಅರಮನಿ ಕೇಳಂಗಿಲ್ರೀ. ಒಂದು ಚಾಪಿ ಹಾಸೋವಷ್ಟು ಜಾಗ ಕೊಟ್ರ ಯಾರ ಗಂಟೇನು ಹೋಗತೈತಿ?’ ಎಂದು ಮೆಲ್ಲಗೆ ಕೇಳಿದ.

ಚನ್ನವೀರ ಮೇಜು ಗುದ್ದಿದ. ‘ಇವತ್ತು ಚಾಪಿ ಅಂತಾರ, ನಾಳೆ ಮಂಚಾನ ಕೇಳ್ತಾರ! ಪಟ್ಟಿಯಾಗ ಹೆಸರಿಲ್ಲದಾವ ಒಂದು ದಿನಾನೂ ಇರಬಾರದು. ಇಟ್ಟುಕೊಂಡಾವನ್ನೂ ಬಿಡಬಾರದು!’

ಚಪ್ಪಾಳೆಯೋ ಚಪ್ಪಾಳೆ. ಗಡಿ ಮುಚ್ಚುವ ನಿರ್ಣಯ ಭಾರಿ ಬಹುಮತದಿಂದ ಪಾಸಾಯಿತು. ಲಕ್ಷಾಂತರ ನಿರಾಶ್ರಿತರು ಊಟದ ಬಿಡುವಿಗೂ ಮೊದಲೇ ಇತ್ಯರ್ಥವಾದರು. ಉತ್ತಮ ಪ್ರತಿನಿಧಿಯ ಪಾರಿತೋಷಕವೂ ಚನ್ನವೀರನಿಗೇ ಬಂತು.

ಅದನ್ನು ಕೊಟ್ಟ ಪ್ರೊಫೆಸರು ಹಾಸ್ಟೆಲ್ಲಿನ ವಾರ್ಡನ್ನೂ ಹೌದು. ಅವರು ಅವನ ಬೆನ್ನು ತಟ್ಟಿ, ‘ನನ್ನ ಕಣ್ಣ ತೆರೆಸಿದಿ ನೋಡಪಾ. ನಾಳೆ ಮುಂಜಾನೆನ ಪಟ್ಟಿ ಹಿಡಕೊಂಡು ಒಂದೊಂದ ರೂಮ್ ನೋಡತೀನಿ. ಸೀಟ್ ಸಿಗಲಾರದ ಎಷ್ಟ ಮಂದಿ ಕದ್ದು ಕುಂತಾರೋ ಏನೋ!’ ಎಂದು ಹೊರಟರು.

ಮುದುಕಪ್ಪ ಗೆಳೆಯನ ಕಿವಿಯ ಬಳಿ ಬಗ್ಗಿ ಬಹಳ ಗೌರವದಿಂದ ಕೇಳಿದ: ‘ಮಾನ್ಯ ಪ್ರತಿನಿಧಿಗಳೇ, ಎರಡು ವರ್ಷದಿಂದ ನನ್ನ ಮಂಚದ ಮಗ್ಗಲಕ ಹಾಸಿರೋ ನಿಮ್ಮ ಚಾಪಿ ಈಗ ಸುತ್ತಿ ಕೊಡ್ಲೇನ್ರೀ?’