ಹನ್ನೆರಡು ಕಕ್ಕಸಿನ ಫೋಟೊ

ಸ್ಟುಡಿಯೊ ನಂಜುಂಡ ಮೆಮೊರಿ ಕಾರ್ಡನ್ನು ಒರೆಸಿ ಹಾಕಿದ, ಲಾಕ್ ಸರಿಸಿ ನೋಡಿದ, ಬೇರೆ ಕ್ಯಾಮೆರಾಕ್ಕೂ ತುರುಕಿದ. ಎಲ್ಲದಕ್ಕೂ ಅದರದು ಒಂದೇ ಉತ್ತರ, ‘ಕಾರ್ಡ್ ಎರರ್’.

“ಥೂ, ಇದರ ಮನೆ ಹಾಳಾಗ.”

ಸರ್ಕಾರಕ್ಕೆ ತೋರಿಸಬೇಕಾದ ಹನ್ನೆರಡು ಹೊಸ ಕಕ್ಕಸುಗಳ ಫೋಟೊ ಅದರಲ್ಲಿದ್ದವು. ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೂ ಹಿತ್ತಿಲುಗಳ ಹೊಲಸು ತುಳಿಯುತ್ತಾ ತೆಗೆದವು. ಒಂದೊಂದರ ಮುಂದೆಯೂ ಕಂಟ್ರಾಕ್ಟರು ‘ಅರ್ಧ ಗಂಟೆ ತಡಿ, ರೆಡಿ ಮಾಡಿಸ್ತೀನಿ’ ಅಂತ ಕಾಯಿಸಿದ್ದ. ನಂಜುಂಡ ಕಂಟ್ರಾಕ್ಟರಿಗೆ ಫೋನು ಮಾಡಿದ.

“ಅಣ್ಣ, ಫೋಟೊ ಎಲ್ಲಾ ಹೋಯ್ತು. ಈಗಲೇ ಬಂದು ಮತ್ತೆ ತೆಗೀತೀನಿ.”

“ಇವತ್ತು ಆಗಲ್ಲ ಕಣೋ.”

“ಯಾಕಣ್ಣ, ಕಕ್ಕಸೇನು ಎದ್ದು ಓಡಿ ಹೋಗುತ್ತಾ?”

“ಅವು ಅಲ್ಲೇ ಇವೆ. ಇರೋದೊಂದು ಬಾಗಿಲು, ಇವತ್ತು ಪಕ್ಕದೂರಿಗೆ ಹೋಗಿದೆ.”