ಬೇರಿನ ಬೂಷ್ಟು

ಜೆರ್ರಿ ಫೋನ್ ಮುಗಿಸಿ ಹಿತ್ತಲಿಗೆ ಬರುವಷ್ಟರಲ್ಲಿ, ಅವನು ಕುಂಡ ಬದಲಿಸಲೆಂದು ಹೊರತೆಗೆದಿಟ್ಟಿದ್ದ ಪೈನ್ ಬೋನ್ಸಾಯ್‌ನ ಬೇರುಗಳನ್ನು ಹೆಂಡತಿ ವೆಲಿಟಾ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ನಲ್ಲಿ ನೀರಿನಲ್ಲಿ ತೊಳೆದು ಫಳಫಳ ಮಾಡಿಟ್ಟಿದ್ದಳು. ಹನ್ನೆರಡು ವರ್ಷ ಕುವೈತಿನಲ್ಲಿ, ಈಗ ಆರು ವರ್ಷದಿಂದ ಆಸ್ಟ್ರೇಲಿಯಾದ ಇಪ್ಸ್‌ವಿಚ್‌ನಲ್ಲಿ ನರ್ಸ್ ಆಗಿರುವವಳು. ಕೊಳೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ.

“ಬೇರಿಗೆಲ್ಲಾ ಬಿಳಿ ಫಂಗಸ್ ಹಿಡಿದಿತ್ತು ಜೆರ್ರಿ, ಹತ್ತಿ ಥರ! ನಾನು ನೋಡ್ದೇ ಇದ್ದಿದ್ರೆ ಮರಾನೇ ಹೋಗ್ತಿತ್ತು. ಎಲ್ಲಾ ಕ್ಲೀನ್ ಮಾಡ್ಬಿಟ್ಟೆ.”

ಜೆರ್ರಿ ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕುಳಿತ. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ವೆಲಿಟಾಗೆ. ಡಿಸೆಂಬರ್ ಬಂತೆಂದರೆ ಚಿಗುರು ಕತ್ತರಿಸುವುದು, ಇಲ್ಲಿಯ ಜೂನ್-ಜುಲೈ ಚಳಿಗಾಲದಲ್ಲಿ ಹಳೆಯ ಸೂಜಿ ಎಲೆ ಕೀಳುವುದು, ಈ ಆಗಸ್ಟ್‌ನಲ್ಲಿ ಹೊಸ ಕುಂಡ. ಈ ದೇಶಕ್ಕೆ ಬಂದ ಮೇಲೆ ಅವನು ನನ್ನದು ಎಂದು ಹೇಳಿಕೊಂಡಿದ್ದು ಆ ಒಂದು ಮರವನ್ನು ಮಾತ್ರ.

“ಅದು ರೋಗ ಅಲ್ಲ ವೆಲಿ,” ಎಂದ ಕೊನೆಗೆ. “ಪೈನ್‌ಗೆ ಆ ಫಂಗಸ್ ಬೇಕು. ಬೇರು ಅದಕ್ಕೆ ಸಕ್ಕರೆ ಕೊಡುತ್ತೆ, ಅದು ಬೇರಿಗೆ ನೀರು ತಂದುಕೊಡುತ್ತೆ. ಯಾರು ಯಾರಿಗೆ ಅಂಟ್ಕೊಂಡಿದಾರೆ ಅಂತ ಹೇಳೋಕಾಗಲ್ಲ.”

ಆ ಕೊನೆಯ ಮಾತು ಅವಳಿಗೆ ಚುರುಕ್ಕೆಂದಿತು. ಹೋದ ಶನಿವಾರ ಗೆಳೆಯ ವೆಸ್ಲಿಯ ಮನೆಯ ಬಾರ್ಬಿಯಲ್ಲಿ, ಅಂದರೆ ಹಿತ್ತಲಿನ ಬಾರ್ಬೆಕ್ಯೂ ಊಟದಲ್ಲಿ, “ಜೆರ್ರಿಗೇನು, ನನ್ನ ವೀಸಾಗೆ ಅಂಟ್ಕೊಂಡು ಬಂದವನು” ಎಂದು ತಮಾಷೆ ಮಾಡಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಜೆರ್ರಿಯೂ ನಕ್ಕಿದ್ದ. ಆದರೆ ಮನೆ ತಲುಪುವವರೆಗೆ ಕಾರಿನಲ್ಲಿ ಒಂದು ಮಾತೂ ಆಡಿರಲಿಲ್ಲ.

“ಹಳೇ ಮಣ್ಣು ಎಲ್ಲಿ? ಅದ್ರಲ್ಲಿ ಸ್ವಲ್ಪ ಉಳಿದಿರುತ್ತೆ.”

“ಬಿನ್‌ಗೆ ಹಾಕ್ಬಿಟ್ಟೆ!”

ಅಂದು ಕಸ ಒಯ್ಯುವ ದಿನ. ಲಾರಿ ಆಗಲೇ ಪಕ್ಕದ ಮನೆಯ ಬಿನ್ ಎತ್ತುತ್ತಿತ್ತು. ವೆಲಿಟಾ ಮನೆಯ ಚಪ್ಪಲಿಯಲ್ಲೇ ಓಡಿ, ಕೈ ಬೀಸಿ ಡ್ರೈವರನನ್ನು ತಡೆದು, ಬಿನ್ನನ್ನು ದರದರ ಎಳೆದು ತಂದಳು. ಗ್ಲೌಸ್ ಇಲ್ಲದೆ ಯಾವುದನ್ನೂ ಮುಟ್ಟದ ಹೆಂಗಸು ಮೊಣಕೈವರೆಗೂ ಕಸದೊಳಗೆ ಕೈ ಹಾಕಿ ಬಿಳಿ ಎಳೆಗಳಿದ್ದ ಮಣ್ಣನ್ನು ಹಿಡಿ ಹಿಡಿಯಾಗಿ ತೆಗೆದಳು. ಅವನು ಮರ ಹಿಡಿದುಕೊಂಡ, ಅವಳು ಬೇರಿನ ಸುತ್ತ ಮಣ್ಣು ತುಂಬಿದಳು.

“ರಾತ್ರಿ ಚಳಿ ಇರುತ್ತೆ, ಒಳಗಿಡೋಣ್ವಾ?”

“ಬೇಡ. ಅದು ಹೊರಗೆ ಬೆಳೆಯೋ ಮರ, ಚಳಿ ಬೇಕು ಅದಕ್ಕೆ. ನೆರಳಲ್ಲಿದ್ರೆ ಸಾಕು.”

“ಬದುಕುತ್ತಾ?”

“ಚಿಗುರು ಬಂದ್ರೆ ಬದುಕಿತು ಅಂತ.”

“ಸಾರಿ, ಜೆರ್ರಿ.” ಮರಕ್ಕೋ, ಶನಿವಾರಕ್ಕೋ ಎಂದು ಅವನು ಕೇಳಲಿಲ್ಲ.

ಅಂದಿನಿಂದ ದಿನವೂ ಡ್ಯೂಟಿಗೆ ಹೊರಡುವ ಮೊದಲು ಅವಳು ಬೇಲಿ ಪಕ್ಕದ ಆ ಕುಂಡದ ಮುಂದೆ ನಿಲ್ಲುತ್ತಿದ್ದಳು. ಸೆಪ್ಟೆಂಬರ್ ಕಳೆಯಿತು, ಏನೂ ಕಾಣಲಿಲ್ಲ. ಕೆಲವು ಸೂಜಿಗಳು ಹಳದಿಯಾಗಿ ಉದುರಿದಾಗ ಅವಳಿಗೆ ಅಳುವೇ ಬಂದಿತ್ತು. ಅಕ್ಟೋಬರ್‌ನ ಎರಡನೆಯ ವಾರ ಕೊಂಬೆಯ ತುದಿಗಳಲ್ಲಿ ಕಿರುಬೆರಳಿನಷ್ಟು ಚಿಗುರು ನೆಟ್ಟಗೆ ಎದ್ದು ನಿಂತಿತು.

ಆ ಶನಿವಾರದ ಬಾರ್ಬಿ ಇವರ ಹಿತ್ತಲಲ್ಲೇ. ವೆಸ್ಲಿಯ ಹೆಂಡತಿ ನೊರೀನ್ ಕುಂಡದ ಮುಂದೆ ಬಗ್ಗಿ, “ಅಬ್ಬಾ, ಎಷ್ಟು ಚೆನ್ನಾಗಿದೆ! ಯಾರ ಕೈಗುಣ ವೆಲಿಟಾ ಇದು?” ಎಂದಳು.

“ಜೆರ್ರಿದು,” ಎಂದಳು ವೆಲಿಟಾ, ಹಿತ್ತಲಿನಲ್ಲಿದ್ದವರಿಗೆಲ್ಲ ಕೇಳುವಂತೆ. “ನಾನು ಅವನ ಫಂಗಸ್.”

ಬಂದವರು ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ಸಾಸೇಜ್ ತಿರುವುತ್ತಿದ್ದ ಜೆರ್ರಿ ಮಾತ್ರ ಬಿದ್ದು ಬಿದ್ದು ನಕ್ಕ.